ಐದನೇ ಮನೆ

ನಡುವೆ ಮಂಗಳವಾರ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅವ್ವ ಈ ಒಂದು ವಾರ ಬಿಟ್ಟಾಳು ಎಂದುಕೊಂಡಿದ್ದೆ. ತಪ್ಪು ನನ್ನದೇ. ಆದರೆ ಅವತ್ತು ಅದನ್ನು ಒಪ್ಪಿಕೊಳ್ಳುವ ತಲೆ ನನಗಿರಲಿಲ್ಲ.

ಮಾನ್ವಿಯಲ್ಲಿ ನನ್ನದು ಗೊಬ್ಬರದ ಅಂಗಡಿ. ಮಗಳು ಶೈಲಜಾ ಬಿ.ಎಡ್. ಮುಗಿಸಿದ್ದಾಳೆ. ದೇವದುರ್ಗದಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಪಂಪಾಪತಿ ಸಾಹುಕಾರರು ತಮ್ಮ ಮಗ ಅಂಬರೀಶನಿಗೆ ಅವಳನ್ನು ಕೇಳಿದ್ದರು. ಉಪ್ಪಿಟ್ಟು, ಚಹಾ ಕೊಟ್ಟು ಹುಡುಗಿ ತೋರಿಸುವುದೆಲ್ಲ ಹಳೆಯದಾಯಿತು, ಎರಡೂ ಮನೆಯವರು ಒಂದು ಕಡೆ ಎರಡು ದಿನ ಇರೋಣ, ಹುಡುಗ ಹುಡುಗಿ ಮಾತಾಡಿಕೊಳ್ಳಲಿ, ಮಂಗಳವಾರ ಸಂಜೆಗೆ ಹೌದು ಅಲ್ಲ ಹೇಳಿಬಿಡೋಣ ಎಂದಿದ್ದರು. ಗಿಲ್ಲೆಸುಗೂರು ರಸ್ತೆಯಲ್ಲಿ ಹೊಸದಾಗಿ ಎದ್ದಿರುವ ಥೀಮ್ ಪಾರ್ಕಿನ ದೊಡ್ಡ ಹೋಟೆಲಿನಲ್ಲಿ ಅವರೇ ರೂಮು ಹಿಡಿಸಿದ್ದರು. ವಾರದ ನಡುವೆ ಗದ್ದಲ ಕಡಿಮೆ ಎಂದು ಸೋಮವಾರ, ಮಂಗಳವಾರ.

ಈ ಸಂಬಂಧ ನನಗೆ ಬೇಕಾಗಿತ್ತು. ಮುಚ್ಚಿಡುವುದೇನಿದೆ? ಎರಡು ವರ್ಷದಲ್ಲಿ ನಾಲ್ಕು ಕಡೆಯವರು ಬಂದು ನೋಡಿ ಹೋಗಿದ್ದರು. ಒಬ್ಬರಿಗೆ ಮಗಳ ಬಣ್ಣ ಹಿಡಿಸಲಿಲ್ಲ, ಒಬ್ಬರಿಗೆ ನನ್ನ ಬಾಯಿ ಹಿಡಿಸಲಿಲ್ಲ. ಈ ಸಲ ಬಾಯಿ ಬಿಗಿ ಹಿಡಿಯಬೇಕೆಂದು ಹೆಂಡತಿ ವಿಜಯಲಕ್ಷ್ಮಿ ದಾರಿಯುದ್ದಕ್ಕೂ ಹೇಳಿದ್ದಳು. ಶೈಲಜಾಳನ್ನು ಕೇಳಿದರೆ ನೋಡೋಣ ಎನ್ನುತ್ತಿದ್ದಳು, ಅಷ್ಟೇ.

ಆ ಹೋಟೆಲಿನಲ್ಲಿ ಕಾಲಿಟ್ಟಾಗಿನಿಂದ ನನಗೆ ನೆಮ್ಮದಿ ಇರಲಿಲ್ಲ. ಹೊರಗಿನಿಂದ ಅದು ಕೋಟೆಯ ಹಾಗಿದೆ. ಕಲ್ಲೆಂದು ಮುಟ್ಟಿದರೆ ಡಬಡಬ ಎನ್ನುವ ಪ್ಲಾಸ್ಟಿಕ್ಕು. ಆನೆಗಳು ಬಾಯಿಂದ ನೀರು ಉಗುಳುತ್ತವೆ. ಒಳಗೆ ಹಕ್ಕಿಯೇ ಇಲ್ಲ, ಹಕ್ಕಿಯ ಸದ್ದು ಮಾತ್ರ ಎಲ್ಲಿಂದಲೋ ಬರುತ್ತಲೇ ಇರುತ್ತದೆ. ಗೇಟಿನವರು ಚೀಲ ಬಿಚ್ಚಿಸಿ ನಮ್ಮ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ತೆಗೆದಿಟ್ಟುಕೊಂಡರು, ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ. ಬೇರೆ ದಿನವಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಪಂಪಾಪತಿ ಪಕ್ಕದಲ್ಲೇ ನಿಂತಿದ್ದರು. ಚೀಲ ಕಟ್ಟಿಕೊಂಡು ಮುಂದೆ ನಡೆದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಎಸಿ ಆರಿಸುವುದು ತಿಳಿಯದೆ ನಾನೂ ವಿಜಯಲಕ್ಷ್ಮಿಯೂ ಟವೆಲು ಹೊದ್ದು ಮಲಗಿದೆವು.

ಇನ್ನು ಅವ್ವನ ಮಂಗಳವಾರದ ಮಾತು. ನಾನು ಮೂರು ವರ್ಷದವನಿದ್ದಾಗ ಕಾಲುವೆಗೆ ಬಿದ್ದಿದ್ದೆನಂತೆ. ಎತ್ತಿದ ಮೇಲೂ ಎರಡು ದಿನ ಕಣ್ಣು ಬಿಡಲಿಲ್ಲವಂತೆ. ಅವ್ವ ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಹೊತ್ತಳು. ಮಗ ಬದುಕಿದರೆ ತಾನಿರುವವರೆಗೂ ಪ್ರತಿ ಮಂಗಳವಾರ ಐದು ಮನೆ ಜೋಗ ಬೇಡಿಯೇ ಬಾಯಿಗೆ ತುತ್ತು ಇಡುತ್ತೇನೆ ಎಂದು. ಭಂಡಾರ, ಅಂದರೆ ದೇವಿಯ ಅರಿಶಿನ ಬಳಿದ ಒಂದು ಬಿದಿರಿನ ಬುಟ್ಟಿ ಹಿಡಿದು ಐದು ಬಾಗಿಲಿಗೆ ಹೋಗಿ ನಿಲ್ಲಬೇಕು, ಅವರು ಹಾಕಿದ ಹಿಡಿ ಕಾಳು ತಂದು ಮೊದಲು ಅದನ್ನು ಬಾಯಿಗೆ ಹಾಕಿಕೊಳ್ಳಬೇಕು. ಇದಕ್ಕೆ ಬಡವ ಶ್ರೀಮಂತ ಎಂಬುದಿಲ್ಲ. ಹನ್ನೆರಡು ಎಕರೆ ಭತ್ತದ ಗದ್ದೆ ಇದ್ದರೂ ಅವ್ವ ನಮ್ಮ ಓಣಿಯಲ್ಲಿ ನಲವತ್ನಾಲ್ಕು ವರ್ಷ ಬೇಡಿದ್ದಾಳೆ. ಪಕ್ಕದ ಹೀರಾಬಿಯ ಮನೆಯೂ ಆ ಐದರಲ್ಲಿ ಒಂದು. ಎಂಟೂವರೆಗೆಲ್ಲ ಮುಗಿದುಹೋಗುತ್ತದೆ.

ಬುಟ್ಟಿ ತರಬೇಡ ಎಂದು ನಾನು ಹೇಳಿದ್ದೆ. ಚೀಲದಲ್ಲಿ ಸೀರೆಗಳ ಕೆಳಗಿಟ್ಟು ತಂದಿದ್ದಳು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಎರಡೂ ಮನೆಯವರು ಕೆಳಗೆ ತಿಂಡಿಗೆ ಕೂತಿದ್ದೆವು. ಅವ್ವ ಜಪ ಮಾಡಿ ಬರುತ್ತೇನೆಂದು ಮೇಲೆ ಉಳಿದಿದ್ದಳು. ನಲವತ್ತು ಬಗೆಯ ತಿಂಡಿ ಸಾಲಾಗಿ ಇಟ್ಟಿದ್ದರು. ಪಂಪಾಪತಿ ತಮ್ಮ ಗಿರಣಿಗೆ ಬಂದ ಹೊಸ ಯಂತ್ರದ ಕಥೆ ಹೇಳುತ್ತಿದ್ದರು, ಅಂಬರೀಶ ಶೈಲಜಾಳಿಗೆ ಫೋನಿನಲ್ಲಿ ಏನೋ ತೋರಿಸುತ್ತಿದ್ದ. ಎಲ್ಲ ಸರಿ ಹೋಗುತ್ತಿದೆ ಎಂದು ನಾನು ಎರಡನೇ ಇಡ್ಲಿಗೆ ಕೈ ಹಾಕಿದೆ. ಆಗ ಕೌಂಟರಿನ ಹುಡುಗಿ ಬಂದು ನಮ್ಮ ರೂಮಿನ ನಂಬರು ಹೇಳಿ, ವಯಸ್ಸಾದ ಅಮ್ಮ ನಿಮ್ಮವರೇನಾ ಎಂದು ಕೇಳಿದಳು. ಅವರು ರೂಮು ರೂಮಿನ ಬಾಗಿಲು ಬಡಿದು ಭಿಕ್ಷೆ ಬೇಡುತ್ತಿದ್ದಾರೆ, ಮೇಲಿಂದ ದೂರು ಬಂದಿದೆ, ಇಲ್ಲಿ ಅದಕ್ಕೆ ಅವಕಾಶವಿಲ್ಲ ಎಂದಳು.

ಬಿಗಿ ಹಿಡಿದಿದ್ದ ಬಾಯಿ ಬಿಚ್ಚಿಹೋಯಿತು. ನನ್ನವ್ವ ಭಿಕ್ಷುಕಿಯಲ್ಲ, ನಿಮ್ಮ ಹೋಟೆಲಿನಷ್ಟು ಜಾಗವನ್ನು ನಮ್ಮೂರಲ್ಲಿ ಗದ್ದೆ ಮಾಡಿಟ್ಟುಕೊಂಡವಳು ಎಂದು ಕೂಗಿದೆ. ಸುತ್ತಲಿನ ಮೇಜಿನವರೆಲ್ಲ ತಿರುಗಿ ನೋಡಿದರು. ಆ ಹುಡುಗಿ ಅತ್ತೇಬಿಡುವಂತಾದಳು. ವಿಜಯಲಕ್ಷ್ಮಿ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದಳು.

ನಾನು ಪಂಪಾಪತಿಗೆ ಹರಕೆಯ ಮಾತು ಹೇಳಿದೆ. ಅವರು ಬಾಯಿ ಒರೆಸಿಕೊಂಡರು.

"ಜೋಗ ಅಂದ್ರ ನನಗ ಗೊತ್ತಿಲ್ಲೇನು ಜಂಬಣ್ಣ? ನಮ್ಮ ಅಜ್ಜಿನೂ ಬೇಡ್ತಿದ್ದಳು. ನಾವ ಬಿಡಿಸಿದ್ವಿ. ನಾಕು ಮಂದ್ಯಾಗ ಬಾಳೋರಿಗಿ ಚಂದ ಕಾಣಂಗಿಲ್ಲ ನೋಡ್ರಿ."

ಹೌದ್ರಿ ಸಾವಕಾರ್ರ ಎಂದೆ ನಾನು. ಹಾಗೆ ಅಂದದ್ದು ನಾನೇ. ಅವರು ಮಗನನ್ನು ಕರೆದುಕೊಂಡು, ನೀರಾಟಕ್ಕೆ ಬಟ್ಟೆ ಬದಲಿಸಿ ಬರುತ್ತೇವೆಂದು ರೂಮಿಗೆ ಹೋದರು. ನಾವು ಅವ್ವನನ್ನು ಹುಡುಕಿಕೊಂಡು ಎರಡನೇ ಮಹಡಿಗೆ ಓಡಿದೆವು.

ಉದ್ದನೆಯ ಓಣಿಯಂಥ ಜಾಗ, ಎರಡೂ ಕಡೆ ಒಂದೇ ತರದ ಬಾಗಿಲುಗಳು. ನಡುವೆ ಕಾವಲುಗಾರನ ಕುರ್ಚಿಯಲ್ಲಿ ಅವ್ವ ಕೂತಿದ್ದಳು. ತೊಡೆಯ ಮೇಲೆ ಬುಟ್ಟಿ. ಅದರಲ್ಲಿ ಸಕ್ಕರೆಯ ಸಣ್ಣ ಸಣ್ಣ ಪೊಟ್ಟಣ, ಒಂದು ಬಿಸ್ಕತ್ತಿನ ಪಾಕೀಟು, ದಾರ ಕಟ್ಟಿದ ಚಹಾಪುಡಿಯ ಚೀಲ, ಅರ್ಧ ತಿಂದ ಬಾಳೆಹಣ್ಣು. ಕಾವಲುಗಾರ ಮಹಮ್ಮದ್ ಹುಸೇನ್ ಗಾಳಿ ಬೀಸುತ್ತಿದ್ದ. ತಾನು ದೂರು ಕೊಟ್ಟಿಲ್ಲ, ಯಾವುದೋ ರೂಮಿನವರು ಕೊಟ್ಟದ್ದು ಎಂದು ಕೇಳುವ ಮೊದಲೇ ಹೇಳಿದ. ತೊಂದರೆ ಕೊಡಬೇಡಿ ಎಂದು ಚೀಟಿ ನೇತುಹಾಕಿದ ಬಾಗಿಲನ್ನೂ ಬಡಿದಳಂತೆ. ಅವ್ವನಿಗೆ ಓದಲು ಎಲ್ಲಿ ಬರುತ್ತದೆ?

ಅವ್ವನ ಹಣೆಯಲ್ಲಿ ಬೆವರು, ಅದೂ ಆ ಎಸಿಯಲ್ಲಿ. ಎಂಟಕ್ಕೆ ವಿಜಯಲಕ್ಷ್ಮಿ ದಿನದಂತೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿಸಿದ್ದಳು. ಗುಳಿಗೆ ನುಂಗಿದ ಮೇಲೆ ಹೊಟ್ಟೆಗೆ ಬೀಳಲೇಬೇಕು, ಇಲ್ಲದಿದ್ದರೆ ಮೈಯಲ್ಲಿ ಸಕ್ಕರೆ ಇಳಿದುಹೋಗುತ್ತದೆ. ವಿಜಯಲಕ್ಷ್ಮಿ ಒಂದು ಪೊಟ್ಟಣ ಹರಿದು ಸಕ್ಕರೆಯನ್ನು ಬಾಯಿಗೆ ಹಿಡಿದಳು. ಅವ್ವ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಯವ್ವಾ, ಇವು ಮನಿ ಅಲ್ಲ ಬೇ. ಲಾಡ್ಜಿನ ರೂಮು. ಇಲ್ಲಿ ಹರಕಿ ನಡಿಯಂಗಿಲ್ಲ," ಎಂದೆ ನಾನು.

"ಒಳಗ ಮಂದಿ ಮಲಗಿ ಎದ್ದಾರಿಲ್ಲೋ?" ಅವ್ವನ ದನಿ ಸಣ್ಣಗಾಗಿತ್ತು. "ಹಂಗಾರ ಮನಿನ. ನಾಕು ಆಗ್ಯಾವ. ಇನ್ನೊಂದ ಉಳದದ, ಸುಮ್ಕ ಇರು."

ಎದ್ದು ನಿಲ್ಲಲು ಹೋದಳು. ಕಾಲು ನಿಲ್ಲಲಿಲ್ಲ, ಮತ್ತೆ ಕುಸಿದಳು. ನನಗೆ ಏನು ಮಾಡಬೇಕೆಂದು ತೋಚದೆ ಅತ್ತ ಇತ್ತ ತಿರುಗಾಡಿದೆ. ಬಾಯಿ ಬಿಡಿಸಿ ಸಕ್ಕರೆ ಸುರಿಯಬೇಕೇ? ನಲವತ್ನಾಲ್ಕು ವರ್ಷದ ಹರಕೆಯನ್ನು ನಾನೇ ಕೈಯಾರೆ ಮುರಿಯಬೇಕೇ? ಅಷ್ಟರಲ್ಲಿ ಶೈಲಜಾ ಅಜ್ಜಿಯ ತೊಡೆಯ ಮೇಲಿನ ಬುಟ್ಟಿ ಎತ್ತಿಕೊಂಡಳು. ಚಿಕ್ಕವಳಿದ್ದಾಗ ಆ ಬುಟ್ಟಿ ಹಿಡಿದು ಅವ್ವನ ಹಿಂದೆ ಓಣಿ ಸುತ್ತಿದವಳು ಅವಳೇ. ಹತ್ತಿರದ ಬಾಗಿಲು ಬಿಟ್ಟು, ಅದರಾಚೆಯದನ್ನೂ ಬಿಟ್ಟು, ನೆಟ್ಟಗೆ ಮೂಲೆಯ ರೂಮಿಗೆ ಹೋದಳು. ಅದು ಪಂಪಾಪತಿಯವರ ರೂಮು. ನಾನು ಬ್ಯಾಡ ಎನ್ನುತ್ತ ಹಿಂದೆ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಬಡಿದಾಗಿತ್ತು.

ಪಂಪಾಪತಿ ಬಾಗಿಲು ತೆರೆದರು. ಮೊಣಕಾಲಿನ ಚಡ್ಡಿ, ಹೆಗಲ ಮೇಲೆ ಟವೆಲು. ಹಿಂದೆ ಅಂಬರೀಶ ಮಂಚದ ಮೇಲೆ ಫೋನು ಹಿಡಿದು ಕೂತಿದ್ದ.

"ಏನವ್ವಾ ಶೈಲಜಾ, ಏನಿದು?"

"ಆಯಿಗಿ ನಾಕು ಮನಿ ಆಗ್ಯಾವ ಕಾಕಾರ. ಐದನೇದು ನಿಮ್ಮದ ಆಗಲಿ ಅಂತ ಬಂದೆ. ಜೋಗ ನೀಡ್ರಿ."

ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಒಳಗೆ ಹೋಗಿ ಪಾಕೀಟು ತಂದು ನೂರರ ನೋಟು ಹಿಡಿದರು. ಶೈಲಜಾ ಬುಟ್ಟಿ ಹಿಂದಕ್ಕೆ ಎಳೆದುಕೊಂಡಳು. ರೊಕ್ಕ ನಡೆಯುವುದಿಲ್ಲ, ಮೇಜಿನ ಮೇಲಿನ ಬಿಸ್ಕತ್ತಾದರೂ ಸಾಕು ಎಂದಳು. ಮೇಜು ಅಂಬರೀಶನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಅವನು ಅಪ್ಪನ ಕಡೆ ನೋಡಿದ, ಏಳಲಿಲ್ಲ.

ಪಂಪಾಪತಿ ನೋಟನ್ನು ಮಡಚಿ ಒಳಗಿಟ್ಟರು. "ನೋಡವ್ವಾ, ಸಿಟ್ಟಿಲೆ ಹೇಳಾಕತ್ತಿಲ್ಲ. ನಮ್ಮ ಮನಿಗಿ ಬಂದಮ್ಯಾಲ ಇವೆಲ್ಲ ನಡಿಯಂಗಿಲ್ಲ."

"ಅದನ್ನ ಕೇಳಾಕ ಬಂದಿದ್ದೆ ಕಾಕಾರ," ಎಂದಳು ಶೈಲಜಾ, ಮತ್ತು ತಿರುಗಿದಳು.

ಬಾಗಿಲು ಮುಚ್ಚಿತು. ಐದನೆಯ ಸಂಬಂಧವೂ ಹೋಯಿತು. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಸುಳ್ಳು ಹೇಳುವುದಿಲ್ಲ, ಕೈ ಎತ್ತಿಯೂ ಇದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮುಂದಿನ ಬಾಗಿಲಿಗೆ ನಡೆಯುತ್ತಿದ್ದಳು. ಆಚೆ ಕುರ್ಚಿಯಲ್ಲಿ ಅವ್ವನ ತಲೆ ವಿಜಯಲಕ್ಷ್ಮಿಯ ಹೊಟ್ಟೆಗೆ ಒರಗಿತ್ತು. ಎತ್ತಿದ ಕೈಯಿಂದಲೇ ಬುಟ್ಟಿ ಕಸಿದುಕೊಂಡೆ.

"ತಾ ಇಲ್ಲಿ. ನನ್ನ ಸಲುವಾಗಿ ಹೊತ್ತ ಹರಕಿ ಅದು."

ಬಾಗಿಲು ಬಡಿದೆ. ಅಂಗಡಿಯಲ್ಲಿ ಕೂತು ಬಸ್ ಸ್ಟ್ಯಾಂಡಿನವರೆಗೂ ಕೇಳುವಂತೆ ಕೂಗುವವನು ನಾನು. ಅಲ್ಲಿ ಕದ್ದವನ ಹಾಗೆ ಬುಟ್ಟಿಯನ್ನು ಮೈಗೆ ಒತ್ತಿಕೊಂಡಿದ್ದೆ. ತಲೆಗೆ ದುಪಟ್ಟಾ ಹೊದ್ದ ನಡುವಯಸ್ಸಿನ ಹೆಂಗಸೊಬ್ಬಳು ಬಾಗಿಲು ತೆರೆದು, ಯಾರು ಬೇಕು ಎಂದಳು. ನಾನು ಬುಟ್ಟಿಯನ್ನು ಮುಂದೆ ಹಿಡಿದು ನಿಂತೆ. ಇಷ್ಟು ದೊಡ್ಡ ಗಂಡಸು ಬೆಳಗಿನ ಹೊತ್ತು ಬುಟ್ಟಿ ಹಿಡಿದು ಬಂದರೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಅವಳು ಬಾಗಿಲನ್ನು ಅರ್ಧ ಮುಚ್ಚಿದಳು.

"ಅಕ್ಕಾರ, ಜೋಗ," ಎಂದೆ. ಎರಡನೇ ಸಲ ಸ್ವಲ್ಪ ಗಟ್ಟಿಯಾಗಿ, "ಜೋಗ ನೀಡ್ರಿ ಅಕ್ಕಾರ. ನಮ್ಮವ್ವ ಉಪವಾಸ ಕುಂತಾಳ."

ಅವಳು ಬುಟ್ಟಿಯ ಭಂಡಾರ ನೋಡಿದಳು. ಮುಖ ಸಡಿಲವಾಯಿತು. ಮಂಗಳವಾರ ಅಲ್ಲೇನು ಇವತ್ತು, ನಮ್ಮ ಗಿಲ್ಲೆಸುಗೂರಲ್ಲೂ ಬರುತ್ತಾರೆ ಎಂದಳು. ಕೈ ತೊಳೆದು ಬರುತ್ತೇನೆ, ನಿಲ್ಲಿ ಎಂದು ಒಳಗೆ ಹೋದಳು. ಒಳಗೆ ನೀರು ಬಿಟ್ಟ ಸದ್ದು ಕೇಳಿತು. ಅಷ್ಟು ಹೊತ್ತು ನಿಂತದ್ದು ನನಗೆ ಒಂದು ತಾಸಿನಂತೆ ಆಯಿತು. ಗೇಟಿನವರ ಕಣ್ಣು ತಪ್ಪಿಸಿ ಹೇಗೆ ತಂದಿದ್ದಳೋ, ಸ್ಟೀಲಿನ ಡಬ್ಬಿಯಿಂದ ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಎರಡು ಬೊಗಸೆ ತುಂಬಿ ಹಾಕಿದಳು.

ಅವ್ವ ಮೊದಲ ಹಿಡಿಯನ್ನು ಹಣೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಸಕ್ಕರೆಯ ಪೊಟ್ಟಣಗಳನ್ನು ಒಂದೊಂದಾಗಿ ಸುರಿದುಕೊಂಡಳು. ಮಹಮ್ಮದ್ ಹುಸೇನ್ ನೀರು ತಂದುಕೊಟ್ಟ. ಕಾಲು ತಾಸಿಗೆ ಬೆವರು ನಿಂತಿತು. ನಾನು ಮಾತ್ರ ಗೋಡೆಯಿಂದ ಗೋಡೆಗೆ ತಿರುಗುತ್ತಲೇ ಇದ್ದೆ. ಮಗಳನ್ನು ಬೈದೆ, ಹೆಂಡತಿಯನ್ನು ಬೈದೆ, ಗುಳಿಗೆ ಕೊಟ್ಟದ್ದಕ್ಕೆ, ಕೊಡುವ ಮೊದಲು ಕೇಳದ್ದಕ್ಕೆ. ಮಧ್ಯಾಹ್ನವೇ ಗಂಟುಮೂಟೆ ಕಟ್ಟಿ ಹೊರಟೆವು. ಶೈಲಜಾ ಆ ಪಾರ್ಕಿನ ನೀರಿಗೆ ಕಾಲು ಕೂಡ ಹಾಕಲಿಲ್ಲ.

ಗುರುವಾರ ಪಂಪಾಪತಿಯವರ ಫೋನು ಬಂತು. ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಜಾತಕ ಕೂಡಿ ಬರಲಿಲ್ಲ ಜಂಬಣ್ಣ ಎಂದರು. ನಾವು ಜಾತಕ ಕೊಟ್ಟೇ ಇರಲಿಲ್ಲ, ಶೈಲಜಾಳಿಗೆ ಬರೆಸಿಯೂ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಬೇಕೆಂದು ಉಸಿರು ಎಳೆದುಕೊಂಡೆ. ಎದುರಿಗೆ ಮಗಳು ಯಾವುದೋ ಶಾಲೆಯ ಅರ್ಜಿ ತುಂಬುತ್ತ ಕೂತಿದ್ದಳು, ಪೆನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಆತು ಬಿಡ್ರಿ ಸಾವಕಾರ್ರ, ನಮಗೂ ಕೂಡಲಿಲ್ಲ," ಎಂದು ಫೋನು ಇಟ್ಟೆ. ಅವಳು ಮತ್ತೆ ಬರೆಯತೊಡಗಿದಳು.