ನಳಿಗೆಯ ಮೇಲೆ ಹೆಸರು

ಶ್ರೀಮಂತ ಟವೆಲ್ ಬಿಚ್ಚಿ ಪಿಸ್ತೂಲನ್ನು ಮೇಜಿನ ಮೇಲಿಟ್ಟ. ನದೀಮ ಎದ್ದು ಹೋಗಿ ಹೊರಬಾಗಿಲ ಚಿಲಕ ಹಾಕಿ ಬಂದ. ಅಡುಗೆಮನೆಯಲ್ಲಿ ಅವನ ಹೆಂಡತಿ ಯಾಸ್ಮೀನ ರೊಟ್ಟಿ ಬಡಿಯುತ್ತಿದ್ದಳು.

“ಇದರ ನಳಿಗಿ ಮ್ಯಾಲೆ ಅಣ್ಣನ ಹೆಸರು ಕೊರದ ಕೊಡು. ಸುತ್ತಲೂ ಬರಬೇಕು,” ಎಂದ ಶ್ರೀಮಂತ.

“ಯಾಕೋ?”

“ಅಣ್ಣನ್ನ ಕಡದಾಂವ ನಾಳೆ ಜಾಮೀನ ಮ್ಯಾಲೆ ಹೊರಗ ಬರಾಕತ್ತಾನ.”

ಹೊಲದ ಬದುವಿನ ಜಗಳದಲ್ಲಿ ಪಕ್ಕದ ಹೊಲದವನು ಶ್ರೀಮಂತನ ಅಣ್ಣ ಸುರೇಶನನ್ನು ಜೈನಾಪುರದ ಹಾದಿಯಲ್ಲಿ ಕೊಡಲಿಯಿಂದ ಕಡಿದು ಹಾಕಿದ್ದ. ಬಬಲೇಶ್ವರದ ಶಾಲೆಯ ದಿನಗಳಿಂದಲೂ ಶ್ರೀಮಂತನ ಗೆಳೆಯನಾದ ನದೀಮ ಅಂದು ಹೆಣವನ್ನು ಚಾದರದಲ್ಲಿ ಕಟ್ಟಲು ಕೈಹಚ್ಚಿದ್ದ.

ನದೀಮ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು. ಅಥಣಿ ರಸ್ತೆಯ ಈ ಮನೆಯ ಹಿಂದಿನ ಕೋಣೆಯಲ್ಲಿ ತಾನೇ ಜೋಡಿಸಿದ, ಕಂಪ್ಯೂಟರ್ ಹೇಳಿದಂತೆ ಕಟರ್‌ನಿಂದ ಅಕ್ಷರ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಮೊದಲು ಸಪಾಟು ಹಲಗೆಯಷ್ಟೇ ಗೊತ್ತಿತ್ತು. ಕಟರ್ ಅಡ್ಡ ಸರಿಯಬೇಕಾದಲ್ಲೆಲ್ಲ ವಸ್ತುವೇ ತಿರುಗುವಂತೆ ಅವನು ಅದರ ಸಾಫ್ಟ್‌ವೇರ್ ತಿದ್ದಿದ್ದ. ಆರಂಭದಲ್ಲಿ ಅಕ್ಷರಗಳು ಜಗ್ಗಿದ ರಬ್ಬರಿನಂತೆ ಬಂದವು. ವಸ್ತು ದಪ್ಪವಾದಷ್ಟೂ ಕಡಿಮೆ ತಿರುಗಬೇಕೆಂಬ ಲೆಕ್ಕ ಸೇರಿಸಿದ ಮೇಲೆ ಲಟ್ಟಣಿಗೆ, ಲೋಟಗಳ ಸುತ್ತ ಹೆಸರುಗಳು ಚೊಕ್ಕವಾಗಿ ಕೂರತೊಡಗಿದವು.

“ಇದೊಂದು ನನ್ನ ಕಡಿಂದ ಆಗೂದಿಲ್ಲೋ,” ಎಂದ ನದೀಮ.

ಶ್ರೀಮಂತ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ತುಟಿ ಒಡೆಯಿತು.

“ಅಣ್ಣನ ರುಂಡ ಎತ್ತಿ ಇಟ್ಟಾಂವ ನೀನ ಅಲ್ಲೇನಲೇ? ಮರತಿ?”

ನದೀಮ ಮರೆತಿರಲಿಲ್ಲ. ರಕ್ತ ಒರೆಸಿಕೊಂಡು, ಪಿಸ್ತೂಲಿನ ನಳಿಗೆ ಬಿಚ್ಚಿ ಹಿಂದಿನ ಕೋಣೆಗೆ ಒಯ್ದು ಯಂತ್ರಕ್ಕೆ ಬಿಗಿದ. ಕಂಪ್ಯೂಟರಿನಲ್ಲಿ ಹೆಸರು ಹಾಕಿದ. ಎಷ್ಟು ಆಳ ಕೊರೆಯಬೇಕೆಂಬ ಅಂಕಿಯ ಮುಂದೆ ಅವನ ಬೆರಳು ಕ್ಷಣ ತಡೆದು ನಿಂತಿತು. ಅದನ್ನು ಬದಲಿಸಿದ. ಬೆನ್ನ ಹಿಂದೆಯೇ ನಿಂತಿದ್ದರೂ ಶ್ರೀಮಂತನಿಗೆ ತಿಳಿಯಲಿಲ್ಲ.

ಕಟರ್ ಕಿರುಚಿತು. ಬರೆದ ಗೆರೆಯ ಮೇಲೆಯೇ ಮತ್ತೆ ಮತ್ತೆ ಇಳಿಯಿತು, ಪ್ರತಿ ಸಲವೂ ಇನ್ನಷ್ಟು ಆಳಕ್ಕೆ. ‘ಸು’ ತೂತಾಯಿತು. ‘ರೇ’ ಮುಗಿಯುವ ಮೊದಲೇ ನಳಿಗೆ ಹರಿದು ಬಾಯಿಬಿಟ್ಟಿತು. ಇನ್ನು ಅದರಿಂದ ಗುಂಡು ಹಾರುವಂತಿರಲಿಲ್ಲ.

“ಬೇಕಂತ ಮಾಡಿದಿ, ಸೂಳೆಮಗನ!”

ಶ್ರೀಮಂತ ಅವನ ಬಲಗೈ ಎಳೆದು ತಿರುಗುತ್ತಿದ್ದ ಕಟರ್‌ಗೆ ಒತ್ತಿದ. ಚೀತ್ಕಾರ ಕೇಳಿ ಓಡಿಬಂದ ಯಾಸ್ಮೀನ ಪ್ಲಗ್ ಕಿತ್ತೆಸೆದು, ಕೈಗೆ ಸಿಕ್ಕ ಕಬ್ಬಿಣದ ಸರಳಿನಿಂದ ಶ್ರೀಮಂತನ ಹಣೆಗೆ ಬಾರಿಸಿದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಎರಡನೆಯ ಏಟಿಗೆ ಮೊಣಕಾಲೂರಿದ.

“ಹೊಡೀರಿ ಭಾಬಿ, ಹೊಡದ ಕೊಂದಬಿಡ್ರಿ,” ಎಂದು ಅತ್ತ. “ಅಂವಾ ನಾಳೆ ಊರಾಗ ತಿರಗ್ತಾನ. ನಾ ಏನ ಮಾಡ್ಲಿ?”

ನೆಲದ ಮೇಲೆ ಕುಸಿದಿದ್ದ ನದೀಮನ ಎರಡು ಬೆರಳು ತೊಗಲಿಗಷ್ಟೇ ಜೋತಿದ್ದವು. “ಮೊದಲ ದವಾಖಾನಿಗಿ ನಡಿಯೋ,” ಎಂದ ಹಲ್ಲು ಕಚ್ಚಿ.

ಯಾಸ್ಮೀನ ಓಢಣಿಯಿಂದ ಕೈ ಬಿಗಿದು ಕಟ್ಟಿದಳು. ಶ್ರೀಮಂತನೇ ಬೈಕ್ ಶುರು ಮಾಡಿದ. ನದೀಮನನ್ನು ನಡುವೆ ಕೂರಿಸಿಕೊಂಡು ಅವಳು ಹಿಂದೆ ಕೂತಳು. ಸ್ಟೇಷನ್ ರಸ್ತೆಯ ಗದ್ದಲದಲ್ಲಿ ಬೈಕ್ ತಡವರಿಸಿತು. ಶ್ರೀಮಂತನ ಹಣೆಯ ರಕ್ತ ಕಣ್ಣಿಗಿಳಿದಿತ್ತು. ಹಿಂದಿನಿಂದ ನದೀಮ ಎಡಗೈ ಚಾಚಿ, ಅಂಗಿಯ ತೋಳಿನಿಂದ ಅವನ ಕಣ್ಣು ಒರೆಸಿದ.