ಶಾಂತಾಬಾಯಿಯ ಲೈನು

ಅಮಿತಕುಮಾರ ಮಾಳಿಗೆಯ ಮೇಲೆ ಮಂಡಿಯೂರಿ, ಕರಿ ವೈರನ್ನು ಎರಡು ಬೆರಳ ನಡುವೆ ಹಿಡಿದು, ಮೊಳ ಮೊಳವಾಗಿ ಹಿಂದಕ್ಕೆ ಸರಿಯುತ್ತಿದ್ದ. ಎಲ್ಲಿ ಹರಿದಿದೆಯೋ ಅಲ್ಲಿ ಬೆರಳಿಗೆ ತಾಗಲೇಬೇಕು. ಕೆಳಗೆ ಪಡಸಾಲೆಯಲ್ಲಿ ಭಜನೆಯವರು ತಾಳ ಶುರುಮಾಡಿದ್ದರು. ಅವ್ವ ಶಾಂತಾಬಾಯಿಯನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ ಆಗಿತ್ತು. ಇವರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಹೊಲದಲ್ಲಿ ಕುಣಿ ತೋಡಲು ಹೋದವರು ಇನ್ನೂ ಬಂದಿರಲಿಲ್ಲ. ಹೊತ್ತು ಇಳಿಯುವುದರೊಳಗೆ ಎಲ್ಲ ಮುಗಿಯಬೇಕೆಂದು ಅಯ್ಯನವರು ಹೇಳಿದ್ದರು.

ಅಷ್ಟರೊಳಗೆ ಈ ವೈರು ಜೋಡಬೇಕು. ಇಲ್ಲವಾದರೆ ಭಾಲ್ಕಿಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಸಿಕೊಂಡು ಮಲಗಿರುವ ಅಕ್ಕ ದಾನಮ್ಮನಿಗೆ ಅವ್ವನ ಮುಖ ಕಾಣುವುದಿಲ್ಲ. ಮೊನ್ನೆ ಮೊನ್ನೆ ಹಡೆದವಳು ಎದ್ದು ಈ ಊರಿಗೆ, ಚಿಂತಾಕಿಗೆ, ಬರುವಂತಿರಲಿಲ್ಲ. ಬಂದರೂ ಹಸಿಗೂಸನ್ನು ಸಾವಿನ ಮನೆಯೊಳಗೆ ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಇನ್ನು ಫೋನು. ಈ ಓಣಿಯಲ್ಲಿ ಟವರಿನ ಕಡ್ಡಿ ಮೂಡುವುದು ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ. ಪಂಚಾಯಿತಿಯಿಂದ ಶಾಂತಾಬಾಯಿ ತಾನೇ ಮುಂದೆ ನಿಂತು ತಂದ ಇಂಟರ್ನೆಟ್ ಲೈನೊಂದೇ ಆ ಮನೆಗೂ ಹೊರಗಿನ ಲೋಕಕ್ಕೂ ಇದ್ದ ದಾರಿ. ಬೆಳಿಗ್ಗೆ ಪೆಂಡಾಲಿನ ಗಳ ಎತ್ತುವಾಗ ಅದು ಹರಿಯಿತೆಂದು ಕಾಕಾ ಹೇಳಿದ್ದ.

ಮಣ್ಣಿಗೆ ಬಂದವರಲ್ಲಿ ಯಾರೋ ಕೆಳಗಿನಿಂದ ಕತ್ತೆತ್ತಿ ನೋಡಿ, ಇಂಜಿನಿಯರೇ ಮಾಳಿಗೆ ಹತ್ತಿದ ಮೇಲೆ ಇನ್ನೇನು ಚಿಂತೆ ಎಂದರು. ಅಮಿತಕುಮಾರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ಇಂಜಿನಿಯರಿಕೆಯ ಆಳ ಅವನಿಗೆ ಗೊತ್ತಿತ್ತು. ಬೀದರಿನ ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಿ ವಾರ ತುಂಬುವ ಮೊದಲೇ ಕಾಲ್ತೆಗೆದವನು ಅವನು. ಊರಿಗೆ ಅದು ಗೊತ್ತಿಲ್ಲದ್ದಕ್ಕೆ ಕಾರಣ ಅವ್ವ. ಪಂಚಾಯಿತಿ ಕಂಪ್ಯೂಟರು ಕೆಟ್ಟಾಗ, ಸಾಲೆಯ ಲೈನು ಹೋದಾಗ ಆಕೆ ಹೋಗಿ ಸರಿಮಾಡಿ ಬರುತ್ತಿದ್ದಳು, ಕೇಳಿದವರಿಗೆ ಮಗ ಹೇಳಿಕೊಟ್ಟಿದ್ದು ಎನ್ನುತ್ತಿದ್ದಳು. ಹೀಗಾಗಿ ಬೆಳಿಗ್ಗೆಯಿಂದ ಬಂದವರೆಲ್ಲ ಅವನ ಹೆಗಲ ಮೇಲೆ ಕೈಯಿಟ್ಟು, ನಿನ್ನ ಶಿಷ್ಯೆ ಹೋದಳಲ್ಲಪ್ಪಾ ಎಂದು ಅಳುತ್ತಿದ್ದರು. ಅವನು ಹೂಂ ಎನ್ನುತ್ತಿದ್ದ.

*

ಎರಡು ವರ್ಷದ ಹಿಂದೆ ಶಾಂತಾಬಾಯಿ ರೊಟ್ಟಿಯ ಗಂಟು ಹಿಡಿದು ಬೀದರಿನ ಆ ಕ್ಲಾಸಿನ ಬಾಗಿಲಿಗೆ ಬಂದಾಗ ಮಗನ ಕುರ್ಚಿ ಖಾಲಿಯಿತ್ತು. ಮಗ ಅದೇ ಬೀದರಿನ ಚಿದ್ರಿ ಓಣಿಯ ಮೊಬೈಲ್ ಅಂಗಡಿಯೊಂದರಲ್ಲಿ ಗಾಜು ಅಂಟಿಸುವ ಕೆಲಸ ಹಿಡಿದಿದ್ದ. ಆಕೆಗೆ ಅದು ಗೊತ್ತಿರಲಿಲ್ಲ. ಕ್ಲಾಸು ನಡೆಸುವ ಮುನೀರೋದ್ದೀನ ಮಾಸ್ತರರು, ಬರಬಹುದು, ಕೂತಿರಿ ಎಂದು ಅದೇ ಖಾಲಿ ಕುರ್ಚಿ ತೋರಿಸಿದರು. ಆಕೆ ಕೂತಳು. ಮಗ ಬರಲಿಲ್ಲ, ಪಾಠ ನಿಲ್ಲಲಿಲ್ಲ. ವೈರಿನೊಳಗಿನ ಎಂಟು ಬಣ್ಣದ ಎಳೆಗಳನ್ನು ಯಾವ ಸಾಲಿನಲ್ಲಿ ಜೋಡಿಸಬೇಕೆಂದು ಮಾಸ್ತರರು ತೋರಿಸುತ್ತಿದ್ದರು. ಕೌದಿ ಹೊಲಿದ ಕೈಗೆ ಬಣ್ಣದ ಸಾಲು ಹೊಸದೇನಲ್ಲ. ಪಕ್ಕದ ಹುಡುಗ ಮೂರು ಸಲ ತಪ್ಪಿದ್ದನ್ನು ನೋಡಲಾರದೆ ಅವನ ಕೈಯಿಂದ ಇಸಿದುಕೊಂಡು ತಾನೇ ಜೋಡಿಸಿದಳು.

ಆ ಸಂಜೆ ಚಿದ್ರಿಯ ಬಾಡಿಗೆ ಕೋಣೆಗೆ ಬಂದು ಮಗನ ಮುಂದೆ ರೊಟ್ಟಿ ಬಿಚ್ಚಿಟ್ಟಳು. ಬೈಯಲಿಲ್ಲ, ಅಳಲಿಲ್ಲ.

"ನೀ ಹೋಗಾಂವ ಅಲ್ಲ ಬಿಡು," ಅಂದಳು. "ನಾ ಹೋಗಿ ಕೂತು ಕಲ್ತು ಬಂದು ನಿನಗ ಹೇಳ್ತೇನಿ. ಕಲೀಲಿಕ್ಕೆ ಮನಸ್ಸು ಬರೂ ತನಾ ಕುರ್ಚಿ ಯಾಕ ಖಾಲಿ ಇಡೋದು?"

ಲೋಕದಲ್ಲಿ ಮಗನ ಬದಲು ಮದ್ದು ಕುಡಿಯುವ ತಾಯಿ ಎಲ್ಲಿಯಾದರೂ ಇದ್ದಾಳೆಯೇ? ಶಾಂತಾಬಾಯಿ ಇದ್ದಳು. ನಸುಕಿನ ಬಸ್ಸು ಹತ್ತಿ ಸಂತಪುರದ ಮೇಲೆ ಬೀದರಿಗೆ ಬಂದು, ಮೀಸೆ ಮೂಡದ ಹುಡುಗರ ನಡುವೆ ಸೆರಗು ಹೊದ್ದು, ಮೂಗಿಗೆ ಚಸ್ಮಾ ಏರಿಸಿ ಕೂತು, ಸಂಜೆ ಮಗನ ಕೋಣೆಯಲ್ಲಿ ಅದೇ ಪಾಠ ಒಪ್ಪಿಸಿ ಊರಿಗೆ ಮರಳುತ್ತಿದ್ದಳು. ಊರಿನವರಂತೆ ಮಗನೂ ಅದೇ ಕ್ಲಾಸಿನಲ್ಲಿ ಕಲಿಯುತ್ತಾನೆಂದು ನಂಬಿದ್ದ ಗಂಡ ಹಾವಗೆಪ್ಪ ಕೂಗಾಡಿದ. ಎಮ್ಮೆ ಯಾರು ಕರೆಯಬೇಕು ಎಂದ, ಮಂದಿ ನಗುತ್ತಾರೆ ಎಂದ. ನಕ್ಕರೆ ಹಲ್ಲು ಕಾಣುತ್ತವೆ, ಅಷ್ಟೇ ಎಂದಳು ಆಕೆ.

*

ವೈರು ಮಾಳಿಗೆಯ ಅಂಚಿನವರೆಗೂ ಇಡಿಯಾಗಿಯೇ ಇತ್ತು. ಅಲ್ಲಿಂದ ಕಂಬಕ್ಕೂ ನೆಟ್ಟಗೆ ಹೋಗಿತ್ತು. ಪೆಂಡಾಲಿನ ಗಳ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಅಮಿತಕುಮಾರ ಗೊಂದಲದಲ್ಲಿ ಏಣಿ ಇಳಿಯುವಾಗ ಮುನೀರೋದ್ದೀನ ಮಾಸ್ತರರು ಕ್ಲಾಸಿನ ಕೆಲವು ಹುಡುಗರೊಂದಿಗೆ ಅಂಗಳಕ್ಕೆ ಬಂದರು. ಹುಡುಗರು ಚಪ್ಪಲಿ ಬಿಟ್ಟು, ಕೂತ ಶಾಂತಾಬಾಯಿಯನ್ನು ನೋಡಿ, ಕೈ ಮುಗಿಯಬೇಕೋ ಏನು ಮಾಡಬೇಕೋ ತೋಚದೆ ಒಬ್ಬರ ಹಿಂದೊಬ್ಬರು ನಿಂತರು. ನಿನ್ನೆ ಇದೇ ಹೊತ್ತಿಗೆ ಆಕೆ ಅವರೊಂದಿಗೆ ಕೂತು ಪರೀಕ್ಷೆ ಬರೆದಿದ್ದಳು. ರಾತ್ರಿ ಊರಿಗೆ ಬಂದು, ಇವತ್ತು ಭಾಲ್ಕಿಗೆ ಒಯ್ಯಲು ಅಂಟಿನುಂಡೆ ಕಟ್ಟಿ, ನಸುಕಿನಲ್ಲಿ ಎದೆ ಹಿಡಿದುಕೊಂಡು ಒಲೆಯ ಮುಂದೆ ಕೂತವಳು ಮತ್ತೆ ಏಳಲಿಲ್ಲ.

ಇದನ್ನೇ ಹೆಂಗಸರು ಮೂಲೆಯಲ್ಲಿ ಆಡಿಕೊಳ್ಳುತ್ತಿದ್ದರು. ಮಗಳು ಹಡೆದು ಬಿದ್ದಿರುವಾಗ ಮೊಮ್ಮಗನ ಮುಖ ನೋಡುವುದು ಬಿಟ್ಟು ಪರೀಕ್ಷೆಗೆ ಹೋದ ತಾಯಿ ಎಂಥವಳು? ಅಮಿತಕುಮಾರನ ಕಿವಿಗೂ ಅದು ಬಿದ್ದಿತ್ತು. ತನ್ನ ಸಲುವಾಗಿಯೇ ಹೋದಳು ಎಂದು ಅವನು ತಿಳಿದಿದ್ದ. ಮಾಸ್ತರರನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದು, ಅವ್ವ ಯಾರ ಹೆಸರಿಗೆ ಪರೀಕ್ಷೆ ಬರೆದಳು ಎಂದು ಕೇಳಿದ.

"ಯಾರ ಹೆಸರಿಗಿ ಅಂದ್ರ? ತನ್ನ ಹೆಸರಿಗೇ ಬೇಟಾ," ಎಂದರು ಮಾಸ್ತರರು. "ಪಾಸಾದ್ರ ಸಂತಪುರದಾಗ ಒಂದು ದುಕಾನ ಹಾಕ್ತೇನಿ ಅಂತಿದ್ಳು. ನಿನಗ ಹೇಳಿಲ್ಲ ಏನು?"

ಹೇಳಿರಲಿಲ್ಲ. ಮೊದಮೊದಲು ನನ್ನ ಮಗ, ನನ್ನ ಮಗ ಎನ್ನುತ್ತಿದ್ದವಳು ಈ ವರ್ಷ ಆ ಮಾತನ್ನೇ ಬಿಟ್ಟಿದ್ದಳಂತೆ. ಅಮಿತಕುಮಾರನ ಎದೆಯ ಮೇಲಿನ ಕಲ್ಲು ಸರಿದಂತಾಯಿತು, ಮರುಗಳಿಗೆಗೆ ಅವ್ವ ತನ್ನನ್ನು ಬಿಟ್ಟು ಯಾವಾಗಲೋ ಮುಂದೆ ಹೋಗಿಬಿಟ್ಟಿದ್ದಳೆಂದು ಸಂಕಟವೂ ಆಯಿತು. ಹಾಗಾದರೆ ಸಂಜೆಯ ಪಾಠಗಳು ಯಾರಿಗಾಗಿದ್ದವು? ತನಗೋ, ಆಕೆಯ ಬಾಯಿಪಾಠಕ್ಕೋ? ಕೇಳಲು ಆಕೆ ಹತ್ತು ಮಾರಿನಾಚೆ ಕೂತೇ ಇದ್ದಳು, ಆದರೆ ಹೇಳುವಂತಿರಲಿಲ್ಲ.

ನಿನ್ನೆ ಪರೀಕ್ಷೆಯ ಗೇಟಿನಲ್ಲಿ ಆಕೆ ಮಗಳಿಗೆ ಫೋನು ಹಚ್ಚಿದ್ದನ್ನೂ ಮಾಸ್ತರರು ಹೇಳಿದರು. ಒಳಗೆ ಹೋಗಲೋ ಭಾಲ್ಕಿ ಬಸ್ಸು ಹತ್ತಲೋ ಎಂದು ಕೇಳಿದಳಂತೆ. ಬರೆದೇ ಬಾ ಎಂದು ದಾನಮ್ಮನೇ ಹಟ ಹಿಡಿದಳಂತೆ. ಅಮಿತಕುಮಾರನಿಗೆ ಅಕ್ಕ ಕಾಯುತ್ತಿರುವುದು ನೆನಪಾಯಿತು. ಲೈನಿನ ಮಾತು ತೆಗೆದ. ವೈರೆಲ್ಲ ಸರಿಯಿದೆ, ಆದರೂ ಬರುತ್ತಿಲ್ಲ ಎಂದ.

"ಲೈನಿನ ಡಬ್ಬಿ ಮ್ಯಾಲ ದೀಪ ಯಾ ಬಣ್ಣದ್ದದ?" ಎಂದರು ಮಾಸ್ತರರು.

ಅವನು ನೋಡಿಯೇ ಇರಲಿಲ್ಲ.

*

"ಮೊದಲ ದೀಪ ನೋಡಬೇಕು," ಎನ್ನುತ್ತಿದ್ದಳು ಅವ್ವ, ಚಿದ್ರಿಯ ಕೋಣೆಯಲ್ಲಿ ಕಾಲು ಚಾಚಿ ಕೂತು. ಅಮಿತಕುಮಾರ ಮೊಬೈಲಿನಲ್ಲಿ ಕಣ್ಣಿಟ್ಟು ಹೂಂಗುಟ್ಟುತ್ತಿದ್ದ. "ಕೆಂಪು ಇತ್ತಂದ್ರ ಹೊರಗಿನ ವೈರ್ ಹರ್ದದ. ದೀಪನೇ ಇಲ್ಲಂದ್ರ ಡಬ್ಬಿಗಿ ಕರೆಂಟೇ ಬಂದಿಲ್ಲ ಅಂತ. ಹಂತೇಲಿದ್ದದ್ದು ನೋಡ್ದೆ ದೂರದ್ದು ನೋಡ್ಲಿಕ್ಕೆ ಹೋಗಬ್ಯಾಡ. ಕಂಕುಳಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತ."

ಅವನು ಗಾದೆಗೆ ನಕ್ಕಿದ್ದ. ಪಾಠ ಬಿಟ್ಟಿದ್ದ.

*

ರೂಟರಿನ ಆ ಡಬ್ಬಿ ಇದ್ದದ್ದು ಪಡಸಾಲೆಯ ಗೋಡೆಯ ಮೇಲೆ, ಈಗ ಅವ್ವ ಒರಗಿದ್ದ ಅದೇ ಗೋಡೆ. ಆಕೆಯ ಹಿಂದೆ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಅಮಿತಕುಮಾರ ಭಜನೆಯವರನ್ನು ದಾಟಿ, ಅವ್ವನ ಹೆಗಲ ಪಕ್ಕ ಬಗ್ಗಿ, ಬಟ್ಟೆಯ ಅಂಚು ಎತ್ತಿದ. ಕೆಂಪೂ ಇರಲಿಲ್ಲ, ಹಸಿರೂ ಇರಲಿಲ್ಲ. ಡಬ್ಬಿಗೆ ಕರೆಂಟು ಕೊಡುವ ಪ್ಲಗ್ಗು ಬೋರ್ಡಿನಲ್ಲಿರಲಿಲ್ಲ. ಅದರ ವೈರೂ ಸೇರಿ ಯಾರೋ ಕಿತ್ತು ಒಯ್ದಿದ್ದರು.

ಅವನು ಕಾಕಾನ ಮುಖ ನೋಡಿದ. ಕಾಕಾ ಕಣ್ಣು ತಪ್ಪಿಸಿ ಹೊರಗಿನ ಕಟ್ಟೆಯ ಕಡೆ ನೋಡಿದ. ಕಟ್ಟೆಯ ಮೇಲೆ ಹಾವಗೆಪ್ಪ ತಲೆಗೆ ಟವಲು ಹೊದ್ದು ಕೂತಿದ್ದ. ಬೆಳಿಗ್ಗೆಯಿಂದ ಒಂದು ಕೈಯನ್ನು ಅಂಗಿಯ ಬಗಲಜೇಬಿನಿಂದ ತೆಗೆದಿರಲಿಲ್ಲ.

ಅಮಿತಕುಮಾರ ಹೋಗಿ ಪಕ್ಕ ಕೂತ. ಏನೂ ಕೇಳುವ ಮೊದಲೇ ಅಪ್ಪನೇ ಬಾಯಿಬಿಟ್ಟ.

"ದಾನಮ್ಮಗ ಇನ್ನ ಹೇಳಿಲ್ಲ. ಅಳಿಯಾಗ ಹೇಳೇನಿ, ಆಕಿಗಿ ಬ್ಯಾಡ ಅಂದೇನಿ. ಬಾಣಂತಿ ಅದಾಳ. ಹಾಲು ಬತ್ತಿದ್ರ ಕೂಸಿನ ಗತಿ ಏನು?"

"ಮತ್ತ ವೈರ್ ಹರೀತು ಅಂತ ಕಾಕಾ ಯಾಕಂದ?"

"ನಾನೇ ಅನ್ನು ಅಂದೆ. ಫೋನ್ ಬಡ್ಕೋತಿತ್ತು. ಮುಂಜಾನಿಂದ ಆಕೀನೇ ಮಾಡ್ಲಿಕ್ಕತ್ತಿದ್ಳು. ಯಾರು ಎತ್ತೋದು? ಏನಂತ ಹೇಳೋದು?" ಹಾವಗೆಪ್ಪ ಜೇಬಿನಿಂದ ಪ್ಲಗ್ಗು ತೆಗೆದು ಇಬ್ಬರ ನಡುವೆ ಕಟ್ಟೆಯ ಮೇಲಿಟ್ಟ. ಅಂಗೈಯಲ್ಲಿ ಅದರ ಗುರುತು ಮೂಡಿತ್ತು. "ನನಗ ಏನೂ ತಿಳಿವಲ್ದು ತಮ್ಮಾ. ನೀ ಕಲ್ತಾಂವ. ನಿನ್ನ ವಿದ್ಯಾ ಏನು ಹೇಳ್ತದ?"

"ಲೈನ್ ಎಲ್ಲಿ ನಿಂತದ ಅಷ್ಟೇ ಹೇಳ್ತದಪ್ಪಾ. ಚಾಲೂ ಮಾಡ್ಬೇಕೋ ಬ್ಯಾಡೋ ಹೇಳಂಗಿಲ್ಲ," ಎಂದ ಅಮಿತಕುಮಾರ. "ಅದೂ ನಾ ಕಲ್ತಿದ್ದಲ್ಲ. ಅವ್ವ ಕಲ್ತಿದ್ದು."

ಕುಣಿ ತೋಡಿದವರು ಕಾಲಿಗೆ ಕರಿಮಣ್ಣು ಮೆತ್ತಿಕೊಂಡು ಬಂದು ಕೆಲಸ ಮುಗಿಯಿತೆಂದರು. ಅಯ್ಯನವರು ಎದ್ದು ನಿಂತರು. ಕಾಕಾ ಬಂದು, ಮಣ್ಣಾಗಲಿ, ಐದೇಶಿಯ ಕಾರ್ಯವೂ ಮುಗಿದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ಕಿವಿಯಲ್ಲಿ ಹೇಳಿದ. ಮಾಸ್ತರರನ್ನು ನೋಡಿದರೆ, ಅವರು ಇದು ಮನೆಯವರಿಗೆ ಬಿಟ್ಟ ಮಾತು ಎಂದು ತಲೆ ತಗ್ಗಿಸಿದರು. ಅಮಿತಕುಮಾರನಿಗೆ ಎಲ್ಲರ ಮಾತೂ ಸರಿಯೆನಿಸಿತು. ಹಸಿ ಬಾಣಂತಿಗೆ ಈ ಸುದ್ದಿ ಹೇಳುವುದು ಕೊಲೆ, ಹೇಳದೆ ತಾಯಿಯನ್ನು ಮಣ್ಣು ಮಾಡುವುದು ಮೋಸ. ಬೆಳಿಗ್ಗೆಯಿಂದ ಎಲ್ಲರೂ ದಾನಮ್ಮನ ಹಾಲಿನ ಮಾತಾಡುತ್ತಿದ್ದರು, ದಾನಮ್ಮನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವನು ಪ್ಲಗ್ಗು ಎತ್ತಿಕೊಂಡು ಒಳಗೆ ಹೋದ. ಬೋರ್ಡಿಗೆ ಹಚ್ಚುವಾಗಲೂ ಮಾಡುತ್ತಿರುವುದು ಸರಿಯೋ ತಪ್ಪೋ ಅವನಿಗೆ ತಿಳಿದಿರಲಿಲ್ಲ. ಡಬ್ಬಿಯ ಮೇಲೆ ಒಂದು ದೀಪ ಮಿಣುಕಿತು, ಆಮೇಲೆ ಇನ್ನೊಂದು. ಗೋಡೆಯ ಮಾಡದಲ್ಲಿದ್ದ ಅವ್ವನ ಫೋನು ಟಿಣ್ ಟಿಣ್ ಎಂದು ತಪ್ಪಿದ ಕರೆಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿತು. ಅವನು ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ರಿಂಗಾಯಿತು.

ತೆರೆಯ ಮೇಲೆ ದಾನಮ್ಮನ ಮುಖ ಮೂಡಿತು. ಕಿವಿಗೆ ಬಟ್ಟೆ ಕಟ್ಟಿದ್ದರು, ಕಣ್ಣು ಬಾತಿದ್ದವು.

"ಅಮಿತಾ? ನೀ ಯಾವಾಗ ಬಂದಿ? ಅವ್ವ ಎಲ್ಲಿ?"

ಭಜನೆಯ ತಾಳ ಅಮಿತಕುಮಾರನ ಹಿಂದೆ ನಿಂತಿರಲಿಲ್ಲ. ದಾನಮ್ಮ ಅದನ್ನು ಕೇಳಿದಳು, ಎಂಥ ಭಜನೆಯೆಂದು ಅವಳಿಗೆ ತಿಳಿಯಿತು. ಭಾಲ್ಕಿಯ ಆ ಕೋಣೆಯಲ್ಲಿ ಯಾರೋ ಫೋನು ಕಸಿಯಲು ಕೈ ಚಾಚಿದ್ದು ಕಂಡಿತು, ಅವಳು ಆ ಕೈ ನೂಕಿದಳು.

"ಆಕಿ ಮುಂದ ಹಿಡಿ," ಎಂದಳು.

ಅವನು ಅವ್ವನ ಮುಂದೆ ಮಂಡಿಯೂರಿ ಹಿಡಿದ. ಭಜನೆ ತಾನಾಗಿ ನಿಂತಿತು. ಹೆಂಗಸರಲ್ಲಿ ಒಬ್ಬಳು ಬೇಡ ಬೇಡವೆಂದು ಎದ್ದವಳು ಅಲ್ಲಿಯೇ ನಿಂತಳು. ತೆರೆಯಿಂದ ದಾನಮ್ಮನ ಮುಖ ಸರಿದುಹೋಯಿತು. ಬಿಳಿ ಛತ್ತು, ಫ್ಯಾನಿನ ರೆಕ್ಕೆ, ಒಂದು ಬಿಕ್ಕು. ಆಮೇಲೆ ತೆರೆಯ ತುಂಬ ಒಂದು ಕೆಂಪು, ಸುಕ್ಕುಸುಕ್ಕು ಮುಖ, ಕುಲಾಯಿ ಹಣೆಯಿಂದ ಹಿಂದಕ್ಕೆ ಸರಿಸಿದ್ದು, ಕಣ್ಣು ಅರೆ ತೆರೆದದ್ದು. ದಾನಮ್ಮ ಮಗನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

ಹಾವಗೆಪ್ಪ ಜನರನ್ನು ಸರಿಸಿಕೊಂಡು ಒಳಗೆ ಬಂದ. ಅಮಿತಕುಮಾರ ಅಪ್ಪ ಈಗ ಫೋನು ಕಸಿಯುತ್ತಾನೆಂದು ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದ. ಹಾವಗೆಪ್ಪ ಅವನನ್ನು ದಾಟಿ ಅಡುಗೆಮನೆಗೆ ಹೋದ. ಡಬ್ಬಿ ಡಬರಿ ಸರಿಸುವ ಸದ್ದಾಯಿತು. ತಿರುಗಿ ಬಂದಾಗ ಅವನ ಕೈಯಲ್ಲಿ ಹೆಂಡತಿಯ ಓದುವ ಚಸ್ಮಾ ಇತ್ತು. ಅದರ ಗಾಜನ್ನು ಟವಲಿನ ತುದಿಯಿಂದ ಒರೆಸಿ, ಅದರ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿ, ವಿಭೂತಿ ಅಳಿಯದ ಹಾಗೆ ಶಾಂತಾಬಾಯಿಯ ಮುಖಕ್ಕೆ ಏರಿಸಿದ.