ಗೆರೆ ದಾಟದ ಬಾವು

ಮಹಾನಂದಾಳ ಗಂಡನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನಕ್ಕೆ ನೆಂಟರೆಲ್ಲ ಹೊರಟುಹೋದರು. ನಾಲ್ಕನೆಯ ಬೆಳಿಗ್ಗೆ ಎಂದಿನಂತೆ ನಳಕ್ಕೆ ನೀರು ಬಂತು. ಮಹಾನಂದಾ ಎರಡು ಕೊಡ ತುಂಬಿದಳು. ಚಹಾಕ್ಕಿಟ್ಟಳು. ಅದು ಉಕ್ಕಿ ಒಲೆ ಆರುವುದನ್ನು ನೋಡುತ್ತ ನಿಂತಳು. ಕಿಟಕಿಯ ಕಟ್ಟೆಯ ಮೇಲೆ ನಾನಿದ್ದೆ. ನಾನು ಒಂದು ಥರ್ಮಾಮೀಟರ್. ಈ ಮನೆಗೆ ಸೇರಿದ ವಸ್ತುವಲ್ಲ.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಯಾರೋ ಗಾಜನ್ನು ಕಾಯಿಸಿ ಎಳೆದರು, ಪಾದರಸ ತುಂಬಿ ಬಾಯಿ ಮುಚ್ಚಿದರು, ಮೈಮೇಲೆ ಅಂಕಿ ಕೊರೆದರು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಯಾರ ಮೈ ತಾಗಿದರೂ ಒಳಗೆ ಏನೋ ಓಡುತ್ತದೆ.

ನನ್ನನ್ನು ಕೊಂಡವರು ದವಾಖಾನೆಯ ನರ್ಸ್ ಎಸ್ತೇರ್ ಸಿಸ್ಟರ್. ಅವರ ಕೈಯಲ್ಲಿ ಸಾವಿರಾರು ಕಂಕುಳು ಕಂಡೆ. ಉಗುರುಸುತ್ತಾದವರು ಬಂದರೆ ನನಗೆ ಕೆಲಸವಿರುತ್ತಿರಲಿಲ್ಲ. ಉರಿಯೆಲ್ಲ ಬೆರಳಲ್ಲಿ, ಮೈ ಎಂದಿನಂತೆ.

"ನಂಜು ಒಂದ ಕಡೆ ಕುಂತಿದ್ದಕ್ಕ ಅಂಜಬ್ಯಾಡ್ರಿ," ಎನ್ನುತ್ತಿದ್ದರು ಸಿಸ್ಟರ್. "ರಕ್ತದಾಗ ಕೂಡಿ ಮೈತುಂಬ ತಿರಗಾಕ ಹತ್ತಿದ್ರ ಅಂಜ್ರಿ."

ನಿವೃತ್ತರಾದ ಮೇಲೆ ಅವರು ನನ್ನನ್ನು ಕಪಾಟಿನಲ್ಲಿಟ್ಟರು. ಒಂದು ದಿನ ಪಕ್ಕದ ಮನೆಯ ಗುರುಶಾಂತ ಕೇಳಿ ಒಯ್ದ. ಅವನು ಭೂಮಾಪಕ. ಹೊಲ ಅಳೆಯುವಾಗ ಜಾಲಿಮುಳ್ಳು ನೆಟ್ಟು ಪಾದ ಕೆಂಪಗೆ ಬಾತಿತ್ತು. ಡಾಕ್ಟರಿಗೆ ತೋರಿಸು ಎಂದು ಹೇಳಿ ಸಿಸ್ಟರ್ ಮಗಳ ಊರಿಗೆ ಹೋದರು.

ಅವನು ತೋರಿಸಲಿಲ್ಲ. ಬಾವಿನ ಅಂಚಿಗೆ ನೀಲಿ ಪೆನ್ನಿನಿಂದ ಗೆರೆ ಎಳೆದು ತಾರೀಖು ಹಾಕಿದ. ಹೊಲಗಳಿಗೆ ಹದ್ದು ಹಾಕಿ ರೂಢಿಯಾದ ಕೈ.

ಮರುದಿನ ನಾನು ನೂರ ಮೂರು ತೋರಿಸಿದೆ.

"ಹದ್ದು ದಾಟಿಲ್ಲ ನೋಡು," ಎಂದ ಹೆಂಡತಿ ಮಹಾನಂದಾಳಿಗೆ.

"ಕಾಲಾಗ ದಾಟಿಲ್ರಿ. ಮೈ ಯಾಕ ನಡಗತೈತಿ? ದವಾಖಾನಿಗೆ ನಡೀರಿ."

"ಯೂನಿವರ್ಸಿಟಿಯಾಗ ಓದಿದಾಕಿ, ಒಂದು ಮುಳ್ಳಿಗೆ ದವಾಖಾನಿ ಅಂತೀ," ಎಂದು ನಕ್ಕ. "ಗೆರಿ ದಾಟಲಿ, ಹೋಗೂಣು."

ಮೂರನೆಯ ಬೆಳಿಗ್ಗೆ ಅವನ ಕಂಕುಳು ತಣ್ಣಗಿತ್ತು. ಉಸಿರು ಓಡುತ್ತಿತ್ತು, ಮಾತು ತೊದಲುತ್ತಿತ್ತು. ಬಾವು ಇನ್ನೂ ಗೆರೆಯೊಳಗೇ ಇತ್ತು. ಸೋಂಕು ಮಾತ್ರ ರಕ್ತಕ್ಕಿಳಿದು ಮೈಯೆಲ್ಲ ಹರಡಿತ್ತು. ನನ್ನ ಪಾದರಸ ತೊಂಬತ್ತೈದರ ಮೇಲೆ ಏರಲಿಲ್ಲ. ನನಗೆ ಅಂಕಿಯಿದೆ, ಅದರ ಅರ್ಥ ಹೇಳುವ ಬಾಯಿಲ್ಲ.

"ಜ್ವರ ಇಳೀತು," ಎಂದಳು ಮಹಾನಂದಾ. ಇಬ್ಬರೂ ಚಹಾ ಕುಡಿದರು.

ಮಧ್ಯಾಹ್ನ ಅವನಿಗೆ ಅವಳ ಗುರುತು ಹತ್ತಲಿಲ್ಲ. ದವಾಖಾನೆ ಮುಟ್ಟಿದಾಗ ಕೈಯಲ್ಲಿ ನಾಡಿ ಸಿಗಲಿಲ್ಲ. ಸಂಜೆಗೆ ತೀರಿಕೊಂಡ.

ಇವತ್ತು ಒಲೆ ಒರೆಸಿ ಅವಳು ನನ್ನನ್ನು ಕೈಗೆತ್ತಿಕೊಂಡು ಪಕ್ಕದ ಮನೆಗೆ ಹೋದಳು. ಸಿಸ್ಟರ್ ನಿನ್ನೆ ಊರಿಂದ ಬಂದಿದ್ದರು.

"ಇದು ನಿಮ್ದು, ಅಕ್ಕಾರ. ಅವರು ಒಯ್ದಿದ್ರು."

ಸಿಸ್ಟರ್ ನನ್ನನ್ನು ಬೆಳಕಿಗೆ ಹಿಡಿದರು. ಜಾಡಿಸುವ ತನಕ ನಾನು ಕಡೆಯ ಅಂಕಿಯನ್ನು ಬಿಡುವುದಿಲ್ಲ.

"ತೊಂಬತ್ತೈದು," ಎಂದರು. "ನಂದಾ, ಇದು ಜ್ವರ ಇಳದದ್ದಲ್ಲ, ನಂಜು ಏರಿ ಮೈ ತಣ್ಣಗಾದದ್ದು..."

"ದವಾಖಾನ್ಯಾಗ ಡಾಕ್ಟರು ಹೇಳಿದ್ರು. ಇಳೀತು ಅಂದಾಕಿ ನಾನ."

ಸಿಸ್ಟರ್ ಅವಳ ಕೈ ಹಿಡಿದುಕೊಂಡರು. ಕೇಳಿದರು: "ಜಾಡಸ್ಲೇನು?"

"ಕೊಡ್ರಿ, ನಾನ ಮಾಡ್ತೀನಿ."

ಮೊದಲ ಸಲ ಜಾಡಿಸಿದಾಗ ಪಾದರಸ ಕದಲಲಿಲ್ಲ. ಅವಳು ಮತ್ತೆ ಕೈ ಎತ್ತಿದಳು.